ಬಚ್ಚಲೊಲೆಯ ಕ್ಯಾರೆಟ್

ನಮ್ಮ ಮನೆಗೆ ವಿಟಮಿನ್ ಬಂದದ್ದು ಅಪ್ಪಯ್ಯನ ಕೊಡೆಯ ಜೊತೆಗೆ. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷ ಇದ್ದ ಕಾಲ. ನನಗೆ ಹತ್ತೋ ಹನ್ನೊಂದೋ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದ ಅಪ್ಪಯ್ಯ ಒಂದು ಸಂಜೆ ಉರ್ವದ ನಮ್ಮ ಮನೆಯ ಜಗಲಿ ಹತ್ತಿ, ಕೊಡೆ ಮಡಚುವ ಮೊದಲೇ, "ಇನ್ನು ಈ ಮನೆಗೆ ಔಷಧಿಯ ಬಾಟ್ಲಿ ಬರಬಾರದು" ಎಂದು ಸಾರಿದರು. ಅಮ್ಮ ಒಳಗಿನಿಂದ, "ಕೊಡೆಯ ನೀರು ಜಗಲಿಗೆ ಬೀಳ್ತಾ ಉಂಟು" ಎಂದಳು. ನಮ್ಮ ಮನೆಯಲ್ಲಿ ಹೊಸ ವಿಚಾರಗಳಿಗೆ ಸಿಗುತ್ತಿದ್ದ ಸ್ವಾಗತ ಸಾಮಾನ್ಯವಾಗಿ ಇಷ್ಟೇ.

ಅಪ್ಪಯ್ಯ ಯಾವುದೋ ಇಂಗ್ಲಿಷ್ ಪತ್ರಿಕೆ ಓದಿದ್ದರು. ಅದರ ಪ್ರಕಾರ ರೋಗವೆಂಬುದು ಗ್ರಹಚಾರವೂ ಅಲ್ಲ, ವಾತ ಪಿತ್ತ ಕಫವೂ ಅಲ್ಲ. ಊಟದ ಎಲೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಕಡಿಮೆ ಬಿದ್ದದ್ದು, ಅಷ್ಟೆ. ಎ ಕಡಿಮೆಯಾದರೆ ಕಣ್ಣು, ಬಿ ಕಡಿಮೆಯಾದರೆ ಕಾಲು, ಸಿ ಕಡಿಮೆಯಾದರೆ ವಸಡು. ಅಕ್ಷರ ತುಂಬಿಸಿದರೆ ಮನುಷ್ಯ ರಿಪೇರಿ. ನಮ್ಮದು ಮನೆಯಲ್ಲಿ ತುಳು ಮಾತು. ಆದರೆ ವಿಟಮಿನ್ ವಿಷಯ ಬಂದರೆ ಅಪ್ಪಯ್ಯ ಕನ್ನಡಕ್ಕೆ ಏರುತ್ತಿದ್ದರು, ವಾದದಲ್ಲಿ ಸೋಲುವ ಹೊತ್ತಿಗೆ ಇಂಗ್ಲಿಷಿಗೆ. ಆ ಪತ್ರಿಕೆಯನ್ನು ನಮಗೆ ಓದಿ ಹೇಳುವಾಗ ನಡುವೆ ಒಂದು ಜಾಗದಲ್ಲಿ ಅವರು ತಪ್ಪದೆ ಕೆಮ್ಮುತ್ತಿದ್ದರು. ಎ ಅಕ್ಷರ ಎಲ್ಲಕ್ಕಿಂತ ಹೆಚ್ಚು ಇರುವುದು ಮೀನಿನ ಎಣ್ಣೆಯಲ್ಲಿ ಎಂದು ಬರೆದಿದ್ದ ಸಾಲು ಅದು ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ನಂತರ.

ಪ್ರಯೋಗ ಶುರುವಾಯಿತು. ಅನ್ನ ಬಸಿದ ತಿಳಿಯನ್ನು ಚೆಲ್ಲಬಾರದು, ಬಿ ಅದರಲ್ಲೇ ಉಂಟು ಎಂದರು. ನಮ್ಮಲ್ಲಿ ಅದನ್ನು ಚೆಲ್ಲುತ್ತಿರಲಿಲ್ಲ, ಹಟ್ಟಿಯ ದನಕ್ಕೆ ಕೊಡುತ್ತಿದ್ದರು. "ದನ ಹೇಗುಂಟು ನೋಡು, ನಾವು ಹೇಗಿದ್ದೇವೆ ನೋಡು" ಎಂದು ಅಪ್ಪಯ್ಯ ದನದ ಪಾಲಿನ ತಿಳಿಗೆ ಉಪ್ಪು ಹಾಕಿ ಕುಡಿದರು. ದನ ಹಾಲು ಕಡಿಮೆ ಮಾಡಿತು. ಡಿ ಎಂಬುದು ಬಿಸಿಲಿನಲ್ಲಿ ಇದೆ ಎಂದು ಗೊತ್ತಾದ ಮೇಲಂತೂ ನಮ್ಮೂರಿನ ಮಳೆಗಾಲದಲ್ಲಿ ಅವರ ಅವಸ್ಥೆ ಬೇಡ. ಮೋಡ ಒಂದು ಚೂರು ಸರಿದರೆ ಸಾಕು, ಮಕ್ಕಳ ಕಾಪಿ ಪುಸ್ತಕ ತಿದ್ದುವುದನ್ನು ಬಿಟ್ಟು ಅಂಗಳಕ್ಕೆ ಓಡಿ ಬರಿ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಬಿಸಿಲು ಬೆನ್ನಿಗೆ ಬೀಳುವ ಮೊದಲು ಮಳೆ ಬೀಳುತ್ತಿತ್ತು. ಆ ವರ್ಷ ಅವರಿಗೆ ಬಂದಷ್ಟು ಶೀತ ಬೇರೆ ಯಾರಿಗೂ ಬರಲಿಲ್ಲ.

ಇದನ್ನೆಲ್ಲ ಅಡುಗೆಮನೆಯ ಹೊಸ್ತಿಲಿನ ಆಚೆಯಿಂದ ನೋಡುತ್ತಿದ್ದವಳು ನನ್ನ ಅಜ್ಜಿ, ಅಪ್ಪಯ್ಯನ ತಾಯಿ. ಅಜ್ಜ ದೇವಸ್ಥಾನದ ಅರ್ಚಕರಾಗಿದ್ದು ಬೇಗ ತೀರಿಕೊಂಡವರು. ಆ ಕಾಲದ ವಿಧವೆಯರಿಗೆ ಆಗುತ್ತಿದ್ದದ್ದೆಲ್ಲ ಅಜ್ಜಿಗೆ ಆಗಿತ್ತು: ಬೋಳು ತಲೆ, ಕೆಂಪು ಸೀರೆ, ಒಂದು ಹೊತ್ತಿನ ಊಟ. ಮದುವೆ ಮುಂಜಿಗೆ ಎದುರು ಬರುವ ಹಾಗಿಲ್ಲ. ಅವಳಿಗೆ ಉಳಿದಿದ್ದ ದೊಡ್ಡಸ್ತಿಕೆ ಒಂದೇ. ದೇವರ ನೈವೇದ್ಯಕ್ಕೆ ಅವಳ ಕೈಯ ಅಡುಗೆಯೇ ಆಗಬೇಕು. ನಸುಕಿನಲ್ಲಿ ಬಾವಿಯಿಂದ ತಣ್ಣೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲಿ ಒಲೆಯ ಮುಂದೆ ಕುಳಿತಳೆಂದರೆ ನಾವು ಮಕ್ಕಳು ಆ ಕಡೆ ನೆರಳು ಸಹ ಹಾಯಿಸುವಂತಿಲ್ಲ. ಅಲ್ಲಿ ಅವಳು ರಾಣಿ. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ; ಹೊರಗೆ ಬಂದ ಕೂಡಲೇ ಅದು ಬೇರೆ ಮುಖ.

ಅಜ್ಜಿಗೂ ಅವಳದೇ ಆದ ಆಹಾರಶಾಸ್ತ್ರ ಇತ್ತು, ಅಪ್ಪಯ್ಯನದಕ್ಕಿಂತ ಹಳೆಯದು. ಚಾತುರ್ಮಾಸ್ಯದ ನಾಲ್ಕು ತಿಂಗಳು ಒಂದೊಂದು ತಿಂಗಳು ಒಂದೊಂದು ಬಿಡಬೇಕು. ಮೊದಲ ತಿಂಗಳು ಶಾಕವ್ರತ, ತರಕಾರಿ ಸೊಪ್ಪು ಯಾವುದೂ ಇಲ್ಲ. ಆಮೇಲೆ ಮೊಸರು ಇಲ್ಲ, ಆಮೇಲೆ ಹಾಲು ಇಲ್ಲ, ಕೊನೆಗೆ ಬೇಳೆ ಇಲ್ಲ. ಅಪ್ಪಯ್ಯ ಕಷ್ಟಪಟ್ಟು ತುಂಬಿಸುವ ಅಕ್ಷರಗಳನ್ನು ಅಜ್ಜಿ ಪಂಚಾಂಗ ನೋಡಿ ಒಂದೊಂದಾಗಿ ಅಳಿಸುತ್ತಾ ಬಂದ ಹಾಗೆ. ಇದು ಸಾಲದೆಂಬಂತೆ ಕ್ಯಾರೆಟ್, ಕೋಸು, ಬೀಟ್ರೂಟ್ ಎಂಬ ಇಂಗ್ಲಿಷ್ ತರಕಾರಿಗಳಿಗೆ ಅವಳ ಅಡುಗೆಮನೆಯಲ್ಲಿ ವರ್ಷದ ಯಾವ ತಿಂಗಳಲ್ಲೂ ಪ್ರವೇಶ ಇರಲಿಲ್ಲ. ದೇವರಿಗೆ ಆಗದ್ದು ಮನೆಗೂ ಆಗದು.

ಇಷ್ಟಾದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಮುಂದಿನ ಬೇಸಗೆಯಲ್ಲಿ ಅಕ್ಕ ಹಾಸಿಗೆ ಹಿಡಿದಳು. ನನಗಿಂತ ಆರು ವರ್ಷ ದೊಡ್ಡವಳು, ಇಡೀ ಮನೆಗೆ ಬೇಕಾದ ಹುಡುಗಿ. ಹೊಟ್ಟೆ ಕೆಟ್ಟು ವಾರಗಟ್ಟಲೆ ನಿಲ್ಲಲಿಲ್ಲ. ಅಜ್ಜಿ ಪಂಡಿತರನ್ನು ಕರೆಸಿದಳು. ಅವರು ಪಥ್ಯ ಹೇಳಿದರು: ಬೆಳ್ತಿಗೆ ಎಂಬ ಬಿಳಿ ಅಕ್ಕಿಯ ಗಂಜಿ, ಉಪ್ಪು. ಬೇರೆ ಏನೂ ಇಲ್ಲ. ಹೊಟ್ಟೆ ಗುಣವಾಯಿತು, ಆದರೆ ಅಜ್ಜಿಗೆ ಹೆದರಿಕೆ ಹೋಗಲಿಲ್ಲ, ಪಥ್ಯ ಮುಂದುವರಿಯಿತು. ಪಥ್ಯ ಮುಗಿಯುವ ಹೊತ್ತಿಗೆ ಸರಿಯಾಗಿ ಶಾಕವ್ರತ ಬಂತು. ಅಕ್ಕ ಭಕ್ತಿಯ ಹುಡುಗಿ, ಅಜ್ಜಿಯ ಜೊತೆ ತಾನೂ ವ್ರತ ಹಿಡಿದಳು. ಹಿತ್ತಲಲ್ಲಿ ಬಸಳೆ ಚಪ್ಪರ ಮುರಿದು ಬೀಳುವ ಹಾಗೆ ಬೆಳೆದಿತ್ತು, ನುಗ್ಗೆಮರ ಇತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ!

ಒಂದು ಮುಸ್ಸಂಜೆ ಅಕ್ಕ ಬಾವಿಯಿಂದ ಕೊಡ ಹೊತ್ತುಕೊಂಡು ಬರುತ್ತಾ ನೇರ ತುಳಸಿಕಟ್ಟೆಗೆ ಹೋಗಿ ಡಿಕ್ಕಿ ಹೊಡೆದಳು. ಕೊಡ ಬಿತ್ತು, ಮೊಣಕಾಲು ಒಡೆಯಿತು.

"ಎಂತ ಮಗಾ, ಕಟ್ಟೆ ಕಾಣುದಿಲ್ವಾ?" ಎಂದು ಅಮ್ಮ ಓಡಿದಳು.

ಅಕ್ಕ ಅಳುತ್ತಾ, "ಇಲ್ಲಮ್ಮ, ಕಾಣುದಿಲ್ಲ. ನಾಲ್ಕೈದು ದಿನದಿಂದ ಸಂಜೆ ಆದ್ರೆ ಎಂತದೂ ಕಾಣುದಿಲ್ಲ" ಎಂದಳು.

ಇರುಳುಗುರುಡು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಳಿತುಬಿಟ್ಟಳು. ಯಾಕೆಂದರೆ ಕಾವೂರಿನ ಕಡೆಯ ಒಂದು ಒಳ್ಳೆಯ ಮನೆತನದಿಂದ ಅಕ್ಕನಿಗೆ ಸಂಬಂಧ ಕೇಳಿಕೊಂಡು ಬಂದಿತ್ತು. ದೀಪಾವಳಿ ಕಳೆದ ಮೇಲೆ ಹುಡುಗಿ ನೋಡಲು ಬರುತ್ತೇವೆ ಎಂದಿದ್ದರು. ಹುಡುಗಿಗೆ ಕಣ್ಣು ಕಾಣುವುದಿಲ್ಲ ಎಂಬ ಮಾತು ಹೊರಗೆ ಬಿದ್ದರೆ ಆ ಸಂಬಂಧ ಮಾತ್ರವಲ್ಲ, ಬೇರೆ ಯಾವ ಸಂಬಂಧವೂ ಬಾರದು. ಅದಕ್ಕಿಂತ ದೊಡ್ಡ ಭಯ, ಸಂಜೆಯ ಕತ್ತಲೆ ಹಗಲಿಗೂ ಬಂದರೆ ಎಂಬುದು.

ಅಪ್ಪಯ್ಯನಿಗೆ ಮಾತ್ರ ದುಃಖದ ಒಳಗೆ ಎಲ್ಲೋ ಒಂದು ಉತ್ಸಾಹ. "ಎ! ಇದು ಎ ಕಡಿಮೆಯಾದದ್ದು! ಡಾಕ್ಟರ್ ಬೇಡ, ಬಾಟ್ಲಿ ಬೇಡ. ಊಟದಲ್ಲೇ ಗುಣ ಮಾಡ್ತೇನೆ" ಎಂದರು. ಮರುದಿನ ಪೇಟೆಯಿಂದ, ನೀಲಗಿರಿಯ ಕಡೆಯಿಂದ ರೈಲಿನಲ್ಲಿ ಬಂದು ಅರೆಜೀವವಾಗಿದ್ದ ಕ್ಯಾರೆಟ್ಟುಗಳನ್ನು ಚೀಲದಲ್ಲಿ ತಂದು ಅಡುಗೆಮನೆಯ ಹೊಸ್ತಿಲಿನ ಮುಂದೆ ನಿಂತರು. ಒಳಗೆ ಅಜ್ಜಿ.

"ಎಂತದು ಅದು?" ಎಂದಳು ಅಜ್ಜಿ.

"ಕ್ಯಾರೆಟ್ ಅಮ್ಮಾ. ಮಗುವಿನ ಕಣ್ಣಿಗೆ."

ಅಜ್ಜಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಮತ್ತೆ ಕೇಳಿದಳು: "ಅದು ಊಟವಾ, ಔಷಧಿಯಾ?"

ಈ ಪ್ರಶ್ನೆಯನ್ನು ನಾನು ಜೀವಮಾನದಲ್ಲಿ ಮರೆತಿಲ್ಲ. ಅದು ಅಜ್ಜಿ ತೆರೆದಿಟ್ಟ ಬಾಗಿಲು. ಔಷಧಿಗೆ ಮಡಿ ಇಲ್ಲ, ಔಷಧಿ ಎಂದರೆ ಗಂಗೆಯ ನೀರು ಎಂದು ನಮ್ಮ ಹಿರಿಯರೆಲ್ಲ ಹೇಳಿಕೊಂಡು ಬಂದದ್ದೇ. ಅಪ್ಪಯ್ಯ "ಔಷಧಿ" ಎಂದಿದ್ದರೆ ಕ್ಯಾರೆಟ್ ಮರ್ಯಾದೆಯಿಂದ ಒಳಗೆ ಹೋಗುತ್ತಿತ್ತು. ಆದರೆ ಅವರು ಎದೆ ಮುಂದೆ ಮಾಡಿ, "ಊಟ! ಔಷಧಿಯೇ ಅಲ್ಲ. ಅದೇ ಅಲ್ವಾ ಇದರ ವಿಶೇಷ!" ಎಂದರು.

"ಊಟ ಆದ್ರೆ ಶಾಕವ್ರತ ಉಂಟು. ವ್ರತ ಮುಗಿದ ಮೇಲೆ ಸಹ ಅದು ಪರದೇಶದ್ದು, ಒಳಗೆ ಆಗುದಿಲ್ಲ. ಔಷಧಿ ಅಂತ ಒಂದು ಮಾತು ಹೇಳು ಮಾರಾಯಾ, ನಾನೇ ಬೇಯಿಸಿ ಕೊಡ್ತೇನೆ."

"ಪ್ರಾಣ ಹೋದರೂ ಹೇಳುದಿಲ್ಲ" ಎಂದರು ಅಪ್ಪಯ್ಯ. ಆಮೇಲೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು.

ತತ್ತ್ವ ಉಳಿಯಿತು, ಕ್ಯಾರೆಟ್ ಬಚ್ಚಲುಮನೆಗೆ ಹೋಯಿತು. ಸ್ನಾನದ ನೀರು ಕಾಯಿಸುವ ಹಂಡೆಯ ಒಲೆಯಲ್ಲಿ, ಒಂದು ಹಳೆಯ ಮಡಕೆಯಲ್ಲಿ ಅಮ್ಮ ದಿನಾ ಕ್ಯಾರೆಟ್ ಬೇಯಿಸಿದಳು. ಅಪ್ಪಯ್ಯ ಪಕ್ಕದಲ್ಲಿ ನಿಂತು ಅದರ ಗುಣಗಾನ ಮಾಡಿದರು. ಅಕ್ಕ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗಿ, ವ್ರತ ಕೆಡಬಾರದೆಂದು, ಇದ್ದಷ್ಟನ್ನೂ ದನಕ್ಕೆ ತಿನ್ನಿಸಿ ಬಂದಳು. ತಿಳಿ ಕಳೆದುಕೊಂಡಿದ್ದ ದನ ಹೀಗೆ ಬಡ್ಡಿ ಸಮೇತ ವಸೂಲು ಮಾಡಿಕೊಂಡಿತು. ಆ ಸೀಮೆಯಲ್ಲಿ ಅಷ್ಟು ಚುರುಕು ಕಣ್ಣಿನ ದನ ಇನ್ನೊಂದು ಇದ್ದಿರಲಾರದು.

ಅಕ್ಕನ ಕಣ್ಣು ಹಾಗೇ ಇತ್ತು. ಸಂಜೆಯಾಗುತ್ತಲೇ ಅವಳು ಗೋಡೆ ಸವರುವುದು, ಮೂಲೆಯಲ್ಲಿ ಮುದುಡಿ ಕೂರುವುದು. ನೋಡಲಾಗುತ್ತಿರಲಿಲ್ಲ. ಒಂದು ದಿನ ಅಪ್ಪಯ್ಯನ ತಾಳ್ಮೆಯ ಕಟ್ಟೆಯೊಡೆಯಿತು. ಹೊಸ್ತಿಲಿನ ಮುಂದೆ ನಿಂತು, ಕನ್ನಡವೂ ಅಲ್ಲ ಇಂಗ್ಲಿಷೂ ಅಲ್ಲ, ತುಳುವಿನಲ್ಲೇ ಕೂಗಿದರು: "ನಿನ್ನ ಪಥ್ಯ, ನಿನ್ನ ವ್ರತ, ಎರಡೂ ಸೇರಿ ಈ ಮಗುವಿನ ಕಣ್ಣು ತಿಂದವು ಅಮ್ಮಾ!"

ಅವತ್ತಿನ ಒಂದು ಹೊತ್ತಿನ ಊಟವನ್ನೂ ಅಜ್ಜಿ ಮಾಡಲಿಲ್ಲ.

ನಮ್ಮ ಹಿತ್ತಲಿನ ಗೋಡೆಯ ಆಚೆ ನರ್ಸ್ ಬಾಯಿಯ ಮನೆ. ಕ್ರಿಶ್ಚಿಯನರು, ನಮ್ಮೆಲ್ಲರ ಹೆರಿಗೆ ಮಾಡಿಸಿದವರು ಅವರೇ. ನಮ್ಮ ತಲೆಯನ್ನು ಮೊದಲು ಹಿಡಿದ ಕೈ ಅವರದ್ದಾದರೂ, ನಮ್ಮ ಮನೆಗೆ ಬಂದರೆ ಅವರಿಗೆ ಜಗಲಿಯವರೆಗೆ ಮಾತ್ರ ಸ್ಥಾನ. ಮರುದಿನ ಅಜ್ಜಿ ನನ್ನನ್ನು ಹೂ ಕೊಯ್ಯುವ ನೆಪದಲ್ಲಿ ಜೊತೆಗೆ ಕರೆದುಕೊಂಡು ಆ ಗೋಡೆಯ ಹತ್ತಿರ ಹೋದಳು. ನರ್ಸ್ ಬಾಯಿಯನ್ನು ಕರೆದು ವಿಷಯ ಹೇಳಿದಳು. ಯಾರಿಗೂ ಹೇಳಬಾರದು ಎಂದಳು.

ನರ್ಸ್ ಬಾಯಿ ಸುತ್ತಿ ಬಳಸಿ ಮಾತಾಡುವವರಲ್ಲ. "ಮೀನೆಣ್ಣೆ ಅಮ್ಮಾ. ಬೇರೆ ಎಂತ ಹೇಳುದು ನಾನು? ನನ್ನ ಹತ್ತಿರ ಉಂಟು. ಆದ್ರೆ ನಿಮಗೆ ಆಗುದಿಲ್ಲ ಅಲ್ವಾ?"

ಅಜ್ಜಿ ಗೋಡೆಯ ಮೇಲೆ ಕೈ ಊರಿದಳು. "ಅದು ಊಟವಾ, ಔಷಧಿಯಾ?"

"ಅಯ್ಯೋ ದೇವರೇ," ಎಂದು ನರ್ಸ್ ಬಾಯಿ ನಕ್ಕುಬಿಟ್ಟರು. "ಅದನ್ನು ಯಾರಾದ್ರೂ ಊಟ ಅಂತ ಕುಡೀತಾರಾ? ಔಷಧಿಯೇ."

"ಹಾಗಾದ್ರೆ ಕೊಡಿ" ಎಂದಳು ಅಜ್ಜಿ.

ಹಟ್ಟಿಯ ಹುಲ್ಲಿನ ಅಟ್ಟದಲ್ಲಿ ಬಾಟ್ಲಿಗೆ ಜಾಗವಾಯಿತು. ದಿನಾ ಮಧ್ಯಾಹ್ನ ಅಪ್ಪಯ್ಯ ಶಾಲೆಯಲ್ಲಿರುವಾಗ, ಅಮ್ಮ ಮಲಗಿರುವಾಗ, ಅಜ್ಜಿ ತನ್ನ ಕೈಯಾರೆ ಒಂದು ಚಮಚ ಎಣ್ಣೆ ಬಗ್ಗಿಸಿ ಅಕ್ಕನ ಬಾಯಿಗೆ ಹಾಕುತ್ತಿದ್ದಳು. ಮೊದಲ ದಿನ ಅಕ್ಕ ವಾಸನೆಗೇ ಹಿಂದೆ ಸರಿದಳು. "ಪಾಪ ಬರುದಿಲ್ವಾ ಅಜ್ಜಿ?" ಎಂದು ಕೇಳಿದಳು. ಅಜ್ಜಿ, "ಔಷಧಿಗೆ ಎಂತ ಪಾಪ? ಮೂಗು ಹಿಡಿ, ನುಂಗು" ಎಂದಳು. ಆಮೇಲೆ ಪುನರ್ಪುಳಿ ಹುಳಿಹಣ್ಣಿನ ಒಣಸಿಪ್ಪೆ ಅಗಿಯಲು ಕೊಟ್ಟಳು. ಅಕ್ಕನನ್ನು ಒಳಗೆ ಕಳಿಸಿ ತಾನು ಬಾವಿಕಟ್ಟೆಗೆ ಹೋಗಿ ಮಳೆಯಲ್ಲೇ ಮತ್ತೊಮ್ಮೆ ತಲೆಗೆ ನೀರು ಸುರಿದುಕೊಂಡಳು. ದಿನಾ ಹೀಗೆಯೇ. ಪಾಪ ಇಲ್ಲ ಎಂದವಳಿಗೆ ಎರಡನೆಯ ಸ್ನಾನ ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ. "ಅಮ್ಮನಿಗೆ ಈಚೆಗೆ ಮಡಿ ಜಾಸ್ತಿಯಾಯಿತು" ಎಂದು ಅಪ್ಪಯ್ಯ ರೇಗಿದರು.

ಒಮ್ಮೆ ಅಪ್ಪಯ್ಯ ಅಕ್ಕನ ಹತ್ತಿರ ಕುಳಿತವರು ಮೂಗರಳಿಸಿ, "ಎಲ್ಲಿಂದ ಇದು ಮೀನಿನ ವಾಸನೆ?" ಎಂದರು. ನಾನು ಥಟ್ಟನೆ, "ಕಡಲ ಕಡೆಯ ಗಾಳಿ ಅಪ್ಪಯ್ಯ" ಎಂದೆ. ಮಳೆಗಾಲದಲ್ಲಿ ದೋಣಿಗಳೆಲ್ಲ ದಡದಲ್ಲಿ ಕವಚಿ ಮಲಗಿರುತ್ತವೆ, ಮೀನೆಲ್ಲಿ, ವಾಸನೆಯೆಲ್ಲಿ! ಆದರೆ ಲೆಕ್ಕದ ಮೇಷ್ಟರು ಆ ಲೆಕ್ಕ ಹಾಕಲಿಲ್ಲ.

ಕೆಲವು ವಾರಗಳಲ್ಲೇ ಅಕ್ಕ ಮುಸ್ಸಂಜೆಯಲ್ಲಿ ಕೋಣೆಯಿಂದ ಕೋಣೆಗೆ ಗೋಡೆ ಮುಟ್ಟದೆ ನಡೆದಳು. ಅಪ್ಪಯ್ಯ ಕುಣಿಯುವುದೊಂದು ಬಾಕಿ. "ಕ್ಯಾರೆಟ್! ನಾನು ಹೇಳಲಿಲ್ವಾ? ಬರೀ ಊಟ!" ಎಂದರು. ಅಜ್ಜಿ ಹತ್ತಿ ಹೊಸೆದು ಬತ್ತಿ ಮಾಡುತ್ತಾ, "ಹೌದು, ನೀನು ಹೇಳಿದ್ದೆ" ಎಂದಳು. ನಾನೂ ಅಕ್ಕನೂ ದನದ ಮುಖ ನೋಡದೆ ಓಡಿಹೋಗಿ ಹಿತ್ತಲಲ್ಲಿ ನಕ್ಕೆವು.

ದೀಪಾವಳಿಯ ನಂತರ ಕಾವೂರಿನವರು ಎತ್ತಿನ ಗಾಡಿಯಲ್ಲಿ ಬಂದರು. ಹುಡುಗ, ಅವನ ತಂದೆ, ಅವನ ಅಜ್ಜಿ. ಸಜ್ಜಿಗೆ ಅವಲಕ್ಕಿ ಆಯಿತು, ಕಾಫಿ ಆಯಿತು. ಅಪಶಕುನವಾಗಬಾರದೆಂದು ನಮ್ಮ ಅಜ್ಜಿ ಅಡುಗೆಮನೆಯ ಬಾಗಿಲ ಹಿಂದೆಯೇ ಉಳಿದಳು. ಎಲ್ಲವೂ ಒಪ್ಪಿಗೆಯಾದ ಹಾಗೆ ಕಂಡಿತು. ಹೊರಡುವ ಹೊತ್ತಿಗೆ ಸಂಜೆಯಾಗಿತ್ತು. ಹುಡುಗನ ಅಜ್ಜಿ, "ಹುಡುಗಿ ತುಳಸಿಗೆ ದೀಪ ಇಡ್ಲಿ, ನೋಡಿಕೊಂಡು ಹೋಗ್ತೇವೆ" ಎಂದರು.

ಅಕ್ಕ ದೀಪ ಹಿಡಿದು ಅಂಗಳಕ್ಕೆ ಇಳಿದಳು. ಕರುವಿನ ಹಗ್ಗ ಅಂಗಳಕ್ಕೆ ಅಡ್ಡವಾಗಿ ಬಿದ್ದಿತ್ತು, ಮಣ್ಣಿನದೇ ಬಣ್ಣ. ಅಮ್ಮ ನನ್ನ ಭುಜವನ್ನು ಹಿಂಡಿದಳು. ಅಕ್ಕ ಅದನ್ನು ನೋಡಿದಳು, ಸೀರೆಯ ನೆರಿಗೆ ಎತ್ತಿ ದಾಟಿದಳು, ಕಟ್ಟೆಯ ಗೂಡಿನಲ್ಲಿ ದೀಪ ಇಟ್ಟು ಕೈಮುಗಿದಳು. ನನಗೆ ಅಳು ಬಂತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಪ್ಪಯ್ಯನ ಎದೆ ಉಬ್ಬಿತ್ತು, ಬಾಯಿ ತೆರೆಯಿತು. "ನೋಡಿದಿರಾ ಆ ಹಗ್ಗ? ಈ ಬೆಳಕಿನಲ್ಲಿ! ವಿಟಮಿನ್ ಎ ಎಂದರೆ ಅದು. ಕ್ಯಾರೆಟ್!"

ಹುಡುಗನ ತಂದೆ ಹೆಗಲ ಶಾಲು ಸರಿಮಾಡಿಕೊಳ್ಳುತ್ತಿದ್ದವರು ನಿಂತರು. "ಕ್ಯಾರೆಟಾ? ಯಾಕೆ? ಹುಡುಗಿಯ ಕಣ್ಣಿಗೆ ಎಂತಾದ್ರೂ ಆಗಿತ್ತಾ?"

ಅಪ್ಪಯ್ಯನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ತೆರೆದ ಬಾಯಿ ತೆರೆದೇ ಇತ್ತು. ಅಂಗಳದಲ್ಲಿ ಅಕ್ಕ ಕೈಮುಗಿದವಳು ಹಾಗೇ ಕಲ್ಲಾದಳು. ಆಗ ಬಾಗಿಲ ಹಿಂದಿನಿಂದ ಅಜ್ಜಿಯ ಧ್ವನಿ ಬಂತು.

"ಕಣ್ಣು ನನ್ನದು. ಸಂಜೆ ಆದ್ರೆ ನನಗೆ ಕಾಣುದಿಲ್ಲ. ಕ್ಯಾರೆಟ್ ತರುದು ನನಗೆ. ಮಕ್ಕಳಿಗೂ ಒಳ್ಳೆಯದು ಅಂತ ಇವನು ಎಲ್ಲರ ಕಣ್ಣಿಗೂ ಅದನ್ನೇ ಹೇಳ್ತಾನೆ. ಮರುಳು."

ಹುಡುಗನ ಅಜ್ಜಿಗೆ ನಂಬಲಾಗಲಿಲ್ಲ. "ನೀವು ಮಡಿಯವರು, ಕ್ಯಾರೆಟ್ ತಿಂತೀರಾ?"

"ತಿಂತೇನೆ."

"ಹಾಗಾದ್ರೆ ಮನೆಯಲ್ಲಿ ನೈವೇದ್ಯ ಯಾರು ಮಾಡುದು?"

ಅವತ್ತು ಬೆಳಿಗ್ಗೆಯೂ ನೈವೇದ್ಯ ಮಾಡಿದ್ದು ಅಜ್ಜಿಯೇ.

"ಸೊಸೆ ಮಾಡ್ತಾಳೆ" ಎಂದಳು. "ಕಣ್ಣು ಕಾಣದವಳು ದೇವರಿಗೆ ಎಂತ ಬೇಯಿಸುದು? ಹುಳ ಬಿದ್ರೆ ಗೊತ್ತಾಗ್ತದಾ?"

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ಮೂರಕ್ಕೇ ಆಯಿತು. ಸಂಬಂಧ ಗಟ್ಟಿಯಾಯಿತು. ಮರುದಿನ ನಸುಕಿನಲ್ಲಿ ಅಜ್ಜಿ ಎದ್ದು ಸ್ನಾನ ಮಾಡಿದಳು, ಆದರೆ ಒಲೆಯ ಮುಂದೆ ಕೂರಲಿಲ್ಲ. ನೈವೇದ್ಯದ ಪಾತ್ರೆಯನ್ನೂ ಸೌಟನ್ನೂ ಅಮ್ಮನ ಮುಂದೆ ಇಟ್ಟಳು. ಅಮ್ಮ, "ಯಾಕೆ ಅತ್ತೆ? ಅವರೇನು ಬಾಗಿಲಲ್ಲಿ ನಿಂತು ನೋಡ್ತಾರಾ?" ಎಂದು ಬೇಡಿಕೊಂಡಳು. ಅಜ್ಜಿ, "ಹೇಳಿದ್ದು ಹೇಳಿಯಾಯಿತು. ಮತ್ತೆ ಈ ಕೈ..." ಎಂದವಳು ಅರ್ಧಕ್ಕೆ ನಿಲ್ಲಿಸಿದಳು. ಕೈಗೆ ಏನಾಗಿದೆ ಎಂದು ಅಮ್ಮನಿಗೆ ಗೊತ್ತಾಗಲಿಲ್ಲ. ನನಗೂ ಅಕ್ಕನಿಗೂ ಗೊತ್ತಾಯಿತು. ಔಷಧಿಗೆ ಪಾಪ ಇಲ್ಲ ಎಂಬುದು ಅಕ್ಕನಿಗೆ ಹೇಳಿದ ಮಾತು. ತನ್ನ ಕೈಗೆ ಅವಳು ಬೇರೆಯೇ ತೀರ್ಪು ಕೊಟ್ಟಿದ್ದಳು.

ಅಪ್ಪಯ್ಯನ ಸಂಭ್ರಮ ಮಾತ್ರ ಕೇಳಬೇಡಿ. ಸುಳ್ಳೋ ನಿಜವೋ, ತನ್ನ ತಾಯಿ ನಾಲ್ಕು ಜನರೆದುರು ಕ್ಯಾರೆಟ್ಟನ್ನು ಒಪ್ಪಿಕೊಂಡಳು. ಬೀಗರು ಆಗಾಗ ಬರುವವರು, ಆಡಿದ ಮಾತು ಉಳಿಯಬೇಡವೇ? ಹೀಗಾಗಿ ಚೀಲ ಬರುತ್ತಲೇ ಇತ್ತು. ಬಚ್ಚಲೊಲೆಯಲ್ಲಿ ಕ್ಯಾರೆಟ್ ಬೇಯುತ್ತಲೇ ಇತ್ತು. ಅಜ್ಜಿ ಹಿತ್ತಲ ಜಗಲಿಯಲ್ಲಿ ಕುಳಿತು ಹಲ್ಲಿಲ್ಲದ ಬಾಯಲ್ಲಿ ಅದನ್ನು ಅರೆಯುತ್ತಿದ್ದಳು. "ಎಪ್ಪತ್ತರ ಮೇಲೆ ನಮ್ಮ ಅಮ್ಮ ಬದಲಾದಳು" ಎಂದು ಅಪ್ಪಯ್ಯ ಊರೆಲ್ಲ ಹೇಳಿಕೊಂಡು ತಿರುಗಿದರು. ಎಣ್ಣೆಯ ವಿಷಯ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮದುವೆಯಾಗಿ ಕೆಲವು ತಿಂಗಳಿಗೆ ಅಕ್ಕ ತವರಿಗೆ ಬಂದಳು. ಮುಸ್ಸಂಜೆ. ಅಜ್ಜಿಯ ಪಕ್ಕದಲ್ಲಿ ನಾವಿಬ್ಬರೂ ಕುಳಿತಿದ್ದೆವು. ನಡುವೆ ಕ್ಯಾರೆಟ್ಟಿನ ತಟ್ಟೆ. ಒಳಗೆ ಅಮ್ಮ ರಾತ್ರಿಪೂಜೆಯ ನೈವೇದ್ಯಕ್ಕೆ ಅನ್ನ ಇಟ್ಟಿದ್ದಳು. ಸಣ್ಣಗೆ ಸೀದ ವಾಸನೆ ಬಂತು. ಅಜ್ಜಿಯ ಮೈ ಎದ್ದೇಳುವ ಹಾಗೆ ಒಮ್ಮೆ ಅಲುಗಿತು, ಮತ್ತೆ ಕೂತಿತು. ಜಗಲಿಯಿಂದ ಒಲೆ ನೇರ ಕಾಣುತ್ತಿತ್ತು, ಬೆಂಕಿಯೂ ಕಾಣುತ್ತಿತ್ತು. ಅಜ್ಜಿ ಮುಖವನ್ನು ತೋಟದ ಕಡೆ ತಿರುಗಿಸಿಕೊಂಡಳು.

"ಮಗಾ, ಒಲೆಗೆ ಬೆಂಕಿ ಹೆಚ್ಚಾಯಿತಾ ನೋಡಿ ಬಾ," ಎಂದು ಅಕ್ಕನಿಗೆ ಹೇಳಿದಳು. "ನನಗೆ ಕಾಣುದಿಲ್ಲ ಅಲ್ವಾ."

ಅಕ್ಕ ಎದ್ದು ಒಳಗೆ ಹೋದಳು. ಅಜ್ಜಿ ಕೈ ಚಾಚಿ ಇನ್ನೊಂದು ತುಂಡು ಕ್ಯಾರೆಟ್ ತೆಗೆದುಕೊಂಡಳು.